ಮಗಳ ಮಾತು ತಡ, ಮನೆಗೆ ಬರುವ ಥೆರಪಿಸ್ಟುಗಳು: ನ್ಯೂಜೆರ್ಸಿಗೆ ಹೊಸಬರಾದ ತಾಯಿಗೆ

ಬಾಡಿಗೆ, ಚಳಿ ಕೋಟು ಎಲ್ಲ ಅಪಾರ್ಟ್‌ಮೆಂಟಿನಲ್ಲಿರೋ ನಮ್ಮವರು ಹೇಳ್ತಾರೆ ಬಿಡಿ. ಎರಡೂಕಾಲು ವರ್ಷದ ಮಗಳಿಗೆ ಮಾತು ಕಡಿಮೆ, ಡಾಕ್ಟರು ಮೂರು ವರ್ಷದೊಳಗಿನ ಮಕ್ಕಳಿಗೆ ಮನೆಗೇ ಬಂದು ಥೆರಪಿ ಕೊಡೋ ಸರ್ಕಾರಿ ಸೇವೆಯಾದ ಅರ್ಲಿ ಇಂಟರ್ವೆನ್ಷನ್‌ಗೆ ಫೋನ್ ಮಾಡಿ ಅಂದಿದ್ದಾರೆ, ಬರೋರಲ್ಲಿ ಯಾರ ಮಾತು ಕೇಳೋದು, ಕನ್ನಡ ನಿಲ್ಲಿಸಬೇಕಾ ಅಂತ ಕೇಳಿದ್ರಲ್ಲ, ಅದಕ್ಕೆ ಉತ್ತರ ಕೊಡ್ತೀನಿ.

ಕನ್ನಡ ನಿಲ್ಲಿಸಬೇಡಮ್ಮ. ಎರಡು ಭಾಷೆಯಿಂದ ಮಾತು ತಡ ಆಗಲ್ಲ. ಮಗು ಆಡೋ ಪದಗಳನ್ನ ಅರ್ಥ ಸಮೇತ ಬರೆದಿಡಿ. 'ಮಮ್ಮು', 'ತಾಚಿ', 'ವಾಟರ್' ಎಲ್ಲ ಒಂದೇ ಲೆಕ್ಕ. ಪಟ್ಟಿ ಇಲ್ಲದಿದ್ರೆ ಕನ್ನಡ ಬರದ ಪರೀಕ್ಷಕರ ಲೆಕ್ಕದಲ್ಲಿ 'ಮಮ್ಮು' ಬರೀ ಸದ್ದು ಅಂತ ಬಿಟ್ಟುಹೋಗತ್ತೆ.

ಫೋನ್ ಮಾಡಿದ 45 ದಿನದೊಳಗೆ ಪರೀಕ್ಷೆ ಮುಗಿದು, ಐಎಫ್ಎಸ್‌ಪಿ ಅನ್ನೋ, ಮಗುವಿನ ಗುರಿ ಮತ್ತು ಸೇವೆಗಳನ್ನ ಬರೆದಿಡೋ ಯೋಜನೆಗೆ ಸಭೆ ಕೂರಬೇಕು. ಪರೀಕ್ಷೆಗೆ ದುಡ್ಡಿಲ್ಲ, ಆಮೇಲಿನ ಥೆರಪಿಗೆ ಆದಾಯ ನೋಡಿ ಪಾಲು ಕೇಳಬಹುದು.

ನಮ್ಮವರು ಎಡವೋದು ಆ ಪರೀಕ್ಷೆ, ಸಭೆಗಳಲ್ಲೇ. ಹೊಸದರಲ್ಲಿ ನಾವೆಲ್ಲ ಮೇಡಂ ಹೇಳಿದ್ದಕ್ಕೆ ತಲೆ ಆಡಿಸಿ, ಕಾಫಿ ಕೊಟ್ಟು ಕಳಿಸೋರೇ. ಪರೀಕ್ಷೆಯಲ್ಲಿ "ಚಮಚದಲ್ಲಿ ತಾನೇ ತಿಂತಾಳಾ?" ಅಂತ ಕೇಳ್ತಾರೆ. ಮರ್ಯಾದೆಗೆ ಹೂಂ ಅಂದ್ರೆ ಅಂಕ ಸುಳ್ಳಾಗತ್ತೆ. ಬರೀ ಇಲ್ಲ ಅಂದ್ರೂ ತಪ್ಪೇ: ಅಜ್ಜಿ ಕೈತುತ್ತು ಹಾಕ್ತಾರೆ, ಚಮಚ ಕೊಟ್ಟೇ ಇಲ್ಲ ಅಂತ ಪೂರ್ತಿ ಹೇಳಿ.

ಸ್ಪೀಚ್‌ನವರು "10 ಪದ", ಕೈಕೆಲಸ, ದಿನದ ಕೆಲಸ ಕಲಿಸೋ ಆಕ್ಯುಪೇಷನಲ್ ಥೆರಪಿಸ್ಟು "ಮಣಿ ಪೋಣಿಸೋದು", ವಿಶೇಷ ಶಿಕ್ಷಕಿ "ಬಣ್ಣ ಗುರುತಿಸೋದು" ಅಂತ ಬೇರೆಬೇರೆ ಬರೆದ್ರೆ ಮನೆಯಲ್ಲಿ ಯಾವುದೂ ನಡೆಯಲ್ಲ. ಮೂವರೂ ಸೇರಿ ಒಂದು ಗುರಿ ಬರೀಲಿ ಅಂತ ಕೇಳಿ: ರಾತ್ರಿ ಊಟಕ್ಕೆ 10 ನಿಮಿಷ ಕೂತು, ಮೊಸರನ್ನ ಬೇಕಂದ್ರೆ ಪದದಲ್ಲೋ ಸನ್ನೆಯಲ್ಲೋ ಕೇಳಬೇಕು. ಕಾಲು ಊರೋಕೆ ಮಣೆ ಒಬ್ಬರು ನೋಡ್ತಾರೆ, ತುತ್ತಿಗೆ ಮುಂಚೆ ಎಷ್ಟು ಹೊತ್ತು ಕಾಯಬೇಕು ಅಂತ ಇನ್ನೊಬ್ಬರು ಹೇಳಿಕೊಡ್ತಾರೆ. ಆಗ ವಾರವಾರ ಒಬ್ಬರೇ ಬಂದು, ಮಿಕ್ಕವರು ಅವರಿಗೆ ದಾರಿ ತೋರಿಸಿದ್ರೂ ಸಾಕು. ಅದನ್ನ ಮೋಸ ಅಂದ್ಕೋಬೇಡಿ. ಆದ್ರೆ ಆ ಮಿಕ್ಕವರು ಬರೋರ ಜೊತೆ ಎಷ್ಟು ಸಲ ಮಾತಾಡ್ಕೋತಾರೆ ಅನ್ನೋದು ಯೋಜನೆಯಲ್ಲೇ ಬರೆದಿರಲಿ. ಇಲ್ಲದಿದ್ರೆ ಯಾರೂ ಮಾತಾಡಲ್ಲ.

ಮೂರು ತುಂಬಿದ ದಿನ ಈ ಸೇವೆ ನಿಂತು ಸ್ಕೂಲ್ ಡಿಸ್ಟ್ರಿಕ್ಟಿನ ಚೈಲ್ಡ್ ಸ್ಟಡಿ ಟೀಮ್ (ವಿಶೇಷ ಶಿಕ್ಷಣ ಬೇಕಾ ಅಂತ ನೋಡೋ ತಂಡ) ಕೈಗೆ ಹೋಗತ್ತೆ. ಅವರಿಗೆ ಪರೀಕ್ಷೆ ಮಾಡಿ ಅಂತ ಮೂರು ತುಂಬೋಕೆ 120 ದಿನ ಮುಂಚೆಯೇ ಬರಹದಲ್ಲಿ ಕೊಡಿ, ಫೈಲ್ ಕಳಿಸೋಕೆ ಒಪ್ಪಿಗೆ ಸಹಿಯನ್ನೂ ಅವತ್ತೇ ಹಾಕಿ. ಹುಟ್ಟುಹಬ್ಬ ಜುಲೈ, ಆಗಸ್ಟಲ್ಲಿದ್ರೆ, ಆಗ ಸ್ಕೂಲಿಗೆ ರಜೆ ಇರೋದ್ರಿಂದ ಸೆಪ್ಟೆಂಬರ್‌ವರೆಗೆ ಥೆರಪಿ ಇಲ್ಲದೆ ಉಳಿಯಬಹುದು. ಬೇಸಿಗೆಯಲ್ಲಿ ಏನು ಕೊಡ್ತೀರಿ ಅಂತ ಡಿಸ್ಟ್ರಿಕ್ಟಿನವರ ಜೊತೆಗಿನ ಸಭೆಯಲ್ಲೇ ಕೇಳಿ, ಉತ್ತರ ಬರೆಸ್ಕೊಳ್ಳಿ.