ಮಂಗಳೂರಿನ ಆಸ್ಪತ್ರೆಯಲ್ಲಿ ಅಪ್ಪನಿಗೆ ‘ಪಾಲಿಯೇಟಿವ್’ ಅಂದಿದ್ದಾರೆ. ಕೈಬಿಟ್ಟರು ಅಂತಲೇ ಅರ್ಥವೇ?

ಅಲ್ಲ, ಕೈಬಿಟ್ಟದ್ದಲ್ಲ. ಪಾಲಿಯೇಟಿವ್ ಅಂದರೆ ನೋವು, ದಮ್ಮು, ವಾಕರಿಕೆಯಂಥ ಸಂಕಟ ತಗ್ಗಿಸಿ ರೋಗಿಗೆ ನೆಮ್ಮದಿ ಕೊಡುವ ಆರೈಕೆ. ನಾನು ಮಂಗಳೂರಿನ ವಾರ್ಡುಗಳಲ್ಲಿ ನರ್ಸಾಗಿದ್ದು, ಈಗ ಕಾಸರಗೋಡಿನ ಒಂದು ಪಂಚಾಯತಿನಲ್ಲಿ ಪಾಲಿಯೇಟಿವ್ ಮನೆಭೇಟಿಗೆ ಹೋಗುವವಳು. ನಿಮ್ಮ ಮನೆ ಪೆರ್ಲದ ಹತ್ತಿರ, ಅಪ್ಪನಿಗೆ ಶ್ವಾಸಕೋಶದ ಕ್ಯಾನ್ಸರ್, ಕೀಮೋ ನಡೆಯುತ್ತಿರುವಾಗಲೇ ಡಾಕ್ಟರು ಈ ಮಾತೆತ್ತಿದರು ಅಂತ ಬರೆದಿದ್ದೀರಿ. ಕೊನೆಯ ವಾರದವರೆಗೆ ಕಾಯದೆ ಈಗಲೇ ಹೇಳಿದ್ದಾರಲ್ಲ, ಅದು ಒಳ್ಳೆಯ ಡಾಕ್ಟರ ಲಕ್ಷಣ.

ಇದೇ ಕಾಯಿಲೆ ಹರಡಿದ್ದ 151 ಮಂದಿಯ ಮೇಲೆ ಅಮೆರಿಕದಲ್ಲಿ ನಡೆದ ಅಧ್ಯಯನವೊಂದು 2010ರಲ್ಲಿ ಪ್ರಕಟವಾಯಿತು. ಚಿಕಿತ್ಸೆಯ ಜೊತೆಗೇ ಮೊದಲಿನಿಂದ ಪಾಲಿಯೇಟಿವ್ ಸಿಕ್ಕವರು ಹೆಚ್ಚು ನೆಮ್ಮದಿಯಲ್ಲಿದ್ದರು. ಬದುಕಿದ್ದೂ ಹೆಚ್ಚು: ಉಳಿದವರು 8.9 ತಿಂಗಳಾದರೆ ಇವರು 11.6. (ಈ ತಿಂಗಳುಗಳನ್ನು ಅಪ್ಪನಿಗೆ ಅನ್ವಯಿಸಿ ಕೂರಬೇಡಿ, ಆಮೇಲೆ ಔಷಧಗಳು ಬಹಳ ಬದಲಾಗಿವೆ.)

ಈ ಆರೈಕೆ ಕ್ಯಾನ್ಸರಿನವರಿಗೆ ಮಾತ್ರ ಅಂತಲೂ ಇಲ್ಲ. ಸ್ಕಾಟ್ಲೆಂಡಿನ 25 ಆಸ್ಪತ್ರೆಗಳಲ್ಲಿ 2010ರ ಮಾರ್ಚ್ 31ರಂದು ದಾಖಲಾಗಿದ್ದ 10,743 ರೋಗಿಗಳಲ್ಲಿ ಶೇ. 28.8 ಮಂದಿ ವರ್ಷದೊಳಗೆ ತೀರಿಕೊಂಡಿದ್ದರು. ಹೃದಯ, ಕಿಡ್ನಿ, ದಮ್ಮು ಅಂತ ಬಂದು ಮಲಗಿದವರಲ್ಲೂ ಈ ಆರೈಕೆ ಬೇಕಾದವರು ಎಷ್ಟೋ ಮಂದಿ ಇರುತ್ತಾರೆ. ಆದರೆ ದೊಡ್ಡ ಆಸ್ಪತ್ರೆಯ ಗಮನವೆಲ್ಲ ಸ್ಕ್ಯಾನು, ಸೋಡಿಯಂ, ಬಿಪಿ ಕಡೆಗೆ. ಅದರ ಮೇಲೆ ನಮ್ಮ ಕಡೆಯ ಹಿರಿಯರು ರೌಂಡ್ಸಿಗೆ ಬಂದ ಡಾಕ್ಟರು ಕೇಳಿದರೆ “ಅಡ್ಡಿಯಿಲ್ಲ” ಅಂದುಬಿಡುತ್ತಾರೆ! ರಾತ್ರಿ ನರಳಿದ್ದು ಗೊತ್ತಿರುವುದು ಪಕ್ಕದಲ್ಲಿ ಕೂತ ನಿಮಗೆ ಮಾತ್ರ. ನೀವೇ ಹೇಳಿ: ಎಲ್ಲಿ ನೋವು, ಯಾವ ಹೊತ್ತಿಗೆ, ಮಾತ್ರೆ ಕೊಟ್ಟು ಎಷ್ಟು ಹೊತ್ತಿಗೆ ಮತ್ತೆ ಶುರುವಾಗುತ್ತದೆ, ಮಲಗಿದರೆ ಉಸಿರು ಕಟ್ಟುತ್ತದೆಯೇ, ಶೌಚಕ್ಕೆ ಹೋಗಿ ಎಷ್ಟು ದಿನವಾಯಿತು.

ತೀವ್ರ ನೋವಿಗೆ ಕೊಡುವ ಮಾರ್ಫಿನ್ ಅಂದರೆ ಚಟ ಹಿಡಿಯುತ್ತದೆ, ಬೇಗ ಸಾಯುತ್ತಾರೆ ಅಂತ ನಿಮ್ಮ ಚಿಕ್ಕಪ್ಪ ಹೆದರಿಸಿದ್ದಾರಂತೆ. ಕ್ಯಾನ್ಸರ್ ನೋವಿಗೆ ಅಳತೆ ನೋಡಿ ಕೊಟ್ಟರೆ ಆ ಭಯ ಬೇಡ. ಮಾರ್ಫಿನ್‌ನ ಸಾಮಾನ್ಯ ಮಾತ್ರೆಯಾದರೆ (ನಿಧಾನವಾಗಿ ಕರಗುವಂಥದ್ದಲ್ಲ) ನಾಲ್ಕು ಗಂಟೆಗೊಮ್ಮೆ, ನೋವು ಬರುವ ಮೊದಲೇ. ಮೊದಲ ಕೆಲವು ದಿನ ತೂಕಡಿಕೆ, ವಾಕರಿಕೆ ಇರಬಹುದು, ಕಡಿಮೆಯಾಗುತ್ತದೆ. ಮಲಬದ್ಧತೆ ಮಾತ್ರ ಕಡಿಮೆಯಾಗುವುದಿಲ್ಲ. ಹಾಗಾಗಿ ಚೀಟಿಯಲ್ಲಿ ಮಾರ್ಫಿನ್ ಜೊತೆ ಮಲ ಸಡಿಲಿಸುವ ಮಾತ್ರೆ ಇಲ್ಲದಿದ್ದರೆ ಕೇಳಿಯೇ ಕೇಳಿ. ಕಿಡ್ನಿ ತೊಂದರೆ ಇದ್ದರೂ ಹೇಳಿ, ಆಗ ಮಾರ್ಫಿನ್ ದೇಹದಲ್ಲಿ ಉಳಿದುಬಿಡುತ್ತದೆ, ಅಳತೆ ಬದಲಿಸಬೇಕು. ದಮ್ಮು ಕಟ್ಟುವಾಗಲೂ ಇದನ್ನೇ ಸಣ್ಣ ಅಳತೆಯಲ್ಲಿ ಕೊಡುವುದುಂಟು. ಜೊತೆಗೆ ಮುಖಕ್ಕೆ ಗಾಳಿ ಬರುವಂತೆ ಚಿಕ್ಕ ಫ್ಯಾನ್ ಇಡಿ, ನಿಜವಾಗಿ ಹಗುರಾಗುತ್ತದೆ.

ಇನ್ನು ಮನೆಗೆ ಬಂದ ಮೇಲಿನದು. ಗಡಿಯ ಈಚೆ, ಕೇರಳದಲ್ಲಿ ಇರುವುದರಿಂದ ನಮಗೆ ನೂರೆಂಟು ತಾಪತ್ರಯ, ಆದರೆ ಈ ಒಂದು ವಿಷಯದಲ್ಲಿ ಅನುಕೂಲವೇ. ಕೋಝಿಕ್ಕೋಡ್ ಮೆಡಿಕಲ್ ಕಾಲೇಜಿನಲ್ಲಿ 1993ರಲ್ಲಿ ಶುರುವಾದ ಪಾಲಿಯೇಟಿವ್ ಕೆಲಸ ಊರೂರಿಗೆ ಹಬ್ಬಿ, 2008ರಲ್ಲಿ ಕೇರಳ ಇದಕ್ಕೆಂದೇ ಸರ್ಕಾರಿ ನೀತಿ ತಂದಿತು. ಪಂಚಾಯತಿನ ನರ್ಸು ಮನೆಗೆ ಬಂದು ಕ್ಯಾತಿಟರ್ (ಮೂತ್ರದ ನಳಿಕೆ) ಬದಲಿಸುತ್ತಾರೆ, ಬೆಡ್ ಸೋರ್ ಡ್ರೆಸ್ಸಿಂಗ್ ಮಾಡುತ್ತಾರೆ. ಡಿಸ್ಚಾರ್ಜಿಗೆ ಮೊದಲೇ ನಿಮ್ಮ ವಾರ್ಡಿನ ಆಶಾ ಕಾರ್ಯಕರ್ತೆಗೋ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೋ ಹೇಳಿ ಹೆಸರು ಬರೆಸಿ.

ಮಾರ್ಫಿನ್ ಎಲ್ಲ ಮೆಡಿಕಲ್ ಶಾಪಿನಲ್ಲಿ ಸಿಗುವುದಿಲ್ಲ, ಮಾನ್ಯತೆ ಪಡೆದ ಸಂಸ್ಥೆಗಳಲ್ಲೇ ತೆಗೆದುಕೊಳ್ಳಬೇಕು. ಇಲ್ಲಿ ಎಲ್ಲಿ ಸಿಗುತ್ತದೆಂದು ಖಚಿತವಾಗುವವರೆಗೆ ಸಾಲುವಷ್ಟು ಮಾತ್ರೆ ಮಂಗಳೂರಿನ ಆಸ್ಪತ್ರೆಯಿಂದಲೇ ತನ್ನಿ. ಡಿಸ್ಚಾರ್ಜ್ ಚೀಟಿಯಲ್ಲಿ ಅಳತೆ, ಹೊತ್ತು, ನೋವು ಜಾಸ್ತಿಯಾದರೆ ಎಷ್ಟು ಹೆಚ್ಚು ಕೊಡಬಹುದು ಅನ್ನುವುದನ್ನೆಲ್ಲ ಬರೆಸಿಕೊಳ್ಳಿ. ಶನಿವಾರ ಸಂಜೆ ಬಿಡುತ್ತೇವೆ ಅಂದರೆ, ಬಿಲ್ಲು ಎರಡು ದಿನ ಹೆಚ್ಚಾದರೂ ಸರಿ, ಸೋಮವಾರಕ್ಕೆ ಕೇಳಿನೋಡಿ. ಭಾನುವಾರ ಮಾತ್ರೆ ಮುಗಿದರೆ ಎಲ್ಲಿ ಹುಡುಕುತ್ತೀರಿ?