ಒದ್ದೆಯಾಗದ ಟವೆಲ್

ಇಲ್ಲಿ ಅವರನ್ನು ಬಸವರಾಜ್ ಎಂದು ಕರೆಯುತ್ತೇನೆ. ಹೆಸರು, ಊರು, ಕೆಲಸದ ವಿವರ ಬದಲಿಸಿದ್ದೇನೆ. ಬರೆಯಲು ಅವರ ಒಪ್ಪಿಗೆ ಇದೆ. ವಯಸ್ಸು 41, ಬೆಂಗಳೂರಿನಲ್ಲಿ ಬ್ಯಾಂಕ್ ನೌಕರಿ. ಆಪ್ತಸಮಾಲೋಚನೆಗೆಂದು ನನ್ನ ಬಳಿ ಕರೆದುಕೊಂಡು ಬಂದವರು ಅವರ ಹೆಂಡತಿ. "ಮೇಡಂ, ಇವರು ವಾರಕ್ಕೆ ಮೂರು ದಿನ ಈಜೋಕೆ ಅಂತ ಹೋಗ್ತಾರೆ. ಚೀಲದಲ್ಲಿರೋ ಟವೆಲ್ ಒಂದು ದಿನಾನೂ ಒದ್ದೆಯಾಗಿಲ್ಲ" ಎಂದರು.

ನಾಲ್ಕು ತಿಂಗಳ ಹಿಂದೆ ಕರಾವಳಿಯ ಒಂದು ಊರಿನಲ್ಲಿ ಅವರ ಮೊದಲ ಟ್ರಯಥ್ಲಾನ್ ಇತ್ತು, ಅಂದರೆ ಈಜು, ಸೈಕಲ್, ಓಟ ಮೂರನ್ನೂ ಒಂದರ ಬೆನ್ನಿಗೊಂದು ಮುಗಿಸುವ ಸ್ಪರ್ಧೆ. ಒಲಿಂಪಿಕ್ ದೂರದ್ದು: 1.5 ಕಿ.ಮೀ. ಈಜು, 40 ಕಿ.ಮೀ. ಸೈಕಲ್, 10 ಕಿ.ಮೀ. ಓಟ. ವರ್ಷವಿಡೀ ತಯಾರಿ ಮಾಡಿದ್ದರು, ಭಾನುವಾರ ಬಂದರೆ ನಂದಿಬೆಟ್ಟಕ್ಕೆ ಸೈಕಲ್ ಹತ್ತಿಸುತ್ತಿದ್ದರು. ಈಜಿನ ಚಿಂತೆ ಅವರಿಗಿರಲೇ ಇಲ್ಲ. ಬೆನ್ನಿಗೆ ಸೋರೆಬುರುಡೆ ಕಟ್ಟಿಕೊಂಡು ತೋಟದ ಬಾವಿಯಲ್ಲಿ ಈಜು ಕಲಿತವರು. ಆದರೆ ಸಮುದ್ರದಲ್ಲಿ ಸುಮಾರು 300 ಮೀಟರ್ ಹೋದದ್ದೇ ಕಾವಲಿಗಿದ್ದ ಕಯಾಕ್ ಎಂಬ ಪುಟ್ಟ ದೋಣಿ ಹಿಡಿದು, ದಡಕ್ಕೆ ಕರೆದೊಯ್ಯಿರಿ ಎಂದುಬಿಟ್ಟರು. ದಡದಲ್ಲಿ 14 ವರ್ಷದ ಮಗ ನಿಂತಿದ್ದ. "ಏನಾಯ್ತಪ್ಪ?" ಎಂದ. "ಕಾಲು ಹಿಡ್ಕೊಳ್ತು ಕಣೋ" ಎಂದರು.

ಕಾಲು ಹಿಡಿದಿರಲಿಲ್ಲ. ಆ ಒಂದು ಮಾತಿನ ಮೇಲೆ ನಾಲ್ಕು ತಿಂಗಳ ತಯಾರಿ ನಿಂತಿತ್ತು. ಕೋಚ್ ಮೀನಖಂಡಕ್ಕೆ ವ್ಯಾಯಾಮ ಕೊಟ್ಟರು. ಗೆಳೆಯರು ಉಪ್ಪಿನ ಮಾತ್ರೆ ತಂದುಕೊಟ್ಟರು. ತಾಯಿ ದಿನಾ ಬಾಳೆಹಣ್ಣು ತಿನ್ನಿಸಿದರು. ಮುಂದಿನ ಸ್ಪರ್ಧೆಗೆ ಹೆಸರೂ ಕೊಟ್ಟಾಗಿತ್ತು. ಕೋಚ್‌ರದ್ದಾಗಲಿ ಗೆಳೆಯರದ್ದಾಗಲಿ ತಪ್ಪಿಲ್ಲ, ಇಲ್ಲದ ಕಾಯಿಲೆಗೆ ಮದ್ದು ಕೊಡುತ್ತಿದ್ದೇವೆಂದು ಅವರಿಗೆ ಗೊತ್ತಾಗುವ ದಾರಿಯೇ ಇರಲಿಲ್ಲ. ಬಸವರಾಜ್ ಬೆಳಿಗ್ಗೆ ಐದೂವರೆಗೆ ಈಜುಕೊಳದ ಗೇಟಿನ ತನಕ ಹೋಗಿ, ಕಾರಿನಲ್ಲೇ ಕೂತು ವಾಪಸ್ ಬರುತ್ತಿದ್ದರು.

ಮೊದಲ ಭೇಟಿಯಲ್ಲಿ ನಾನು ಕೇಳಿದ್ದು ಒಂದೇ: ನೀರಿಗಿಳಿದ ಕ್ಷಣದಿಂದ ದಡ ಸೇರುವವರೆಗೆ ದೇಹದಲ್ಲಿ ಏನೇನಾಯಿತು, ಹಾಗೇ ಬರೆದುಕೊಂಡು ಬನ್ನಿ. ಎರಡು ಪುಟ ಬರೆದು ತಂದರು. ಸುತ್ತ ಕೈಕಾಲು ಬಡಿಯುವ ಜನ, ಕಣ್ಣಿಗೆ ಏನೂ ಕಾಣದ ಕಲಕು ನೀರು, ಎದೆ ಬಿಗಿತ, ಎಷ್ಟು ಎಳೆದರೂ ಸಾಲದ ಉಸಿರು. ಕೊನೆಯ ಸಾಲು "ನಾನು ಹೇಡಿ" ಎಂದಿತ್ತು.

ಓದಿದವಳೇ ಮೊದಲು ಅವರನ್ನು ವೈದ್ಯರ ಬಳಿ ಕಳಿಸಿದೆ. ನೀರಿನಲ್ಲಿ ಉಸಿರು ಕಟ್ಟಿತು ಎಂದ ಕೂಡಲೇ ಅದನ್ನು ಮನಸ್ಸಿನ ಲೆಕ್ಕಕ್ಕೆ ಬರೆಯಬಾರದು. ಹೃದಯದ ತೊಂದರೆ ಇರಬಹುದು. ಬಿರುಸಾಗಿ ಈಜುವಾಗ ಶ್ವಾಸಕೋಶದಲ್ಲಿ ನೀರು ಸೇರುವ ಸ್ಥಿತಿಯೂ ಉಂಟು. ಕೆಮ್ಮು, ನೊರೆ ಅಥವಾ ರಕ್ತ ಬೆರೆತ ಕಫ ಅದರ ಗುರುತು. ವೈದ್ಯರು ಪರೀಕ್ಷೆ ಮಾಡಿಸಿ ಅಂಥದ್ದೇನೂ ಇಲ್ಲವೆಂದ ಮೇಲೆಯೇ ಮುಂದುವರಿದೆವು.

ಬಾವಿಯ ಬಗ್ಗೆ ಬಹಳ ಹೊತ್ತು ಮಾತಾಡಿದೆವು. ಬಾವಿಯಲ್ಲಿ ನಾಲ್ಕು ಕೈ ಹಾಕಿದರೆ ಗೋಡೆ ಸಿಗುತ್ತದೆ. ತಲೆ ಮೇಲೆತ್ತಿಯೇ ಈಜುತ್ತೇವೆ, ಮುಖ ನೀರಿನೊಳಗಿಟ್ಟು ಉಸಿರು ಬಿಡುವ ಅಭ್ಯಾಸ ಇರುವುದಿಲ್ಲ. ಈಜುಕೊಳದಲ್ಲಾದರೆ ತಳದ ಕಪ್ಪು ಗೆರೆ ದಾರಿ ತೋರಿಸುತ್ತದೆ. ಸಮುದ್ರದಲ್ಲಿ ಗೋಡೆಯೂ ಇಲ್ಲ, ಗೆರೆಯೂ ಇಲ್ಲ. ಗುಂಪಿನ ರಭಸಕ್ಕೆ ಸಿಕ್ಕಿ ಅವರು ಅಳತೆ ಮೀರಿ ವೇಗವಾಗಿ ಹೊರಟಿದ್ದರು, ಒಳಗೆಳೆದ ಉಸಿರನ್ನು ಪೂರ್ತಿ ಬಿಡದೆ ಮತ್ತೆ ಎಳೆಯುತ್ತಿದ್ದರು. ಹೀಗಾದಾಗ ಇಂಗಾಲದ ಡೈಆಕ್ಸೈಡ್ ಒಳಗೇ ಹೆಚ್ಚುತ್ತದೆ, ಉಸಿರು ಸಾಲದೆಂಬ ಸಂಕಟ ಹುಟ್ಟಿಸುವುದು ಮುಖ್ಯವಾಗಿ ಅದೇ. ಮೇಲೆ ಗಾಬರಿ ಸೇರಿತು. ಹೇಡಿತನ ಎಂದು ಅವರು ಬರೆದಿದ್ದ ಜಾಗದಲ್ಲಿ "ಉಸಿರು ಬಿಡಲಿಲ್ಲ" ಎಂದು ಬರೆಸಿದೆ. ನಿಂತ ದೋಣಿ ಹಿಡಿದು ಸುಧಾರಿಸಿಕೊಂಡು, ಅದರ ಸಹಾಯದಿಂದ ಮುಂದೆ ಸಾಗದಿದ್ದರೆ ಈಜು ಮುಂದುವರಿಸಲು ನಿಯಮದಲ್ಲೇ ಅವಕಾಶವಿದೆ. ಅವರಿಗದು ತಿಳಿದಿರಲಿಲ್ಲ. ಹಿಡಿದ ಕೂಡಲೇ ಆಟ ಮುಗಿಯಿತು ಎಂದುಕೊಂಡಿದ್ದರು. ಇದನ್ನು ಹೇಳಿದಾಗ ಅತ್ತರು.

ನಾನು ಕೊಟ್ಟ ಸಲಹೆಯಲ್ಲಿ ಅವರಿಗೆ ಕಷ್ಟವಾದದ್ದು ಮೊದಲನೆಯದು: ಕೋಚ್‌ಗೆ ನಿಜ ಹೇಳಿ, ಆಮೇಲೆ ಮಗನಿಗೆ. ನಿಜ ಹೇಳದೆ ಮುಂದಿನ ತಯಾರಿ ಬೇಡ ಎಂದು ಖಡಾಖಂಡಿತವಾಗಿ ಹೇಳಿದೆ. ಹಾಗೆ ಷರತ್ತು ಹಾಕುವುದು ನನ್ನ ರೂಢಿಯಲ್ಲ, ಆದರೆ ಇಲ್ಲಿ ಜೀವದ ಪ್ರಶ್ನೆ ಇತ್ತು. ಮೂರು ವಾರ ಮುಂದೂಡಿದರು. ಕೊನೆಗೊಂದು ರಾತ್ರಿ ಮಗನ ಹತ್ತಿರ ಕೂತು ಹೇಳಿದಾಗ ಅವನು, "ಗೊತ್ತಿತ್ತಪ್ಪ. ನೀವು ಕುಂಟ್ತಾ ಇರ್ಲಿಲ್ಲ" ಎಂದನಂತೆ.

ಕೋಚ್‌ಗೂ ನಿಜ ಹೇಳಿದ್ದರು, ಅವರು ಆ ವಾರವೇ ಅಭ್ಯಾಸದ ಪಟ್ಟಿ ಬದಲಿಸಿದರು. ಮೊದಲು ಮನೆಯಲ್ಲಿ ಬಕೆಟ್ ನೀರಿಗೆ ಮುಖವಿಟ್ಟು ಮೆಲ್ಲಗೆ ಗುಳ್ಳೆ ಬಿಡುವುದು. ಆಮೇಲೆ ಕೊಳದ ಆಳವಿಲ್ಲದ ಕಡೆ, ಗಾಬರಿಯಾದರೆ ಅಂಗಾತ ತೇಲಿ ಹತ್ತು ಉಸಿರು ಎಣಿಸುವುದು. ಇದನ್ನು ಗಾಬರಿ ಇಲ್ಲದಾಗಲೇ ನೂರಾರು ಸಲ ಮಾಡಿರಬೇಕು, ಆಗಲೇ ಬೇಕಾದಾಗ ಕೈಗೆ ಬರುತ್ತದೆ. ಬಳಿಕ ಒಂದೇ ಲೇನಿನಲ್ಲಿ ನಾಲ್ಕೈದು ಜನ ಬೇಕೆಂದೇ ತಾಗಿಕೊಂಡು ಈಜುವುದು. ತೆರೆದ ನೀರಿಗೆ ಇಳಿಯುವುದು ಕೋಚ್ ಮತ್ತು ರಕ್ಷಕರಿದ್ದಾಗ ಮಾತ್ರ, ಒಬ್ಬರೇ ಎಂದೂ ಇಲ್ಲ. ಸ್ಪರ್ಧೆಯಲ್ಲಿ ಗುಂಪಿನ ಅಂಚಿನಿಂದ ಹೊರಡಬೇಕು, ಮೊದಲ 200 ಮೀಟರ್ ನಿಧಾನ. ಸೈಕಲ್ಲಿಂದ ಇಳಿದು ಕೂಡಲೇ ಓಡುವ ಅಭ್ಯಾಸ ವಾರಕ್ಕೊಮ್ಮೆ ಸಾಕೆಂದೆವು, ಅಲ್ಲಿ ಅವರಿಗೆ ತೊಂದರೆಯಿಲ್ಲ.

ಹೆಸರು ಕೊಟ್ಟಿದ್ದ ಸ್ಪರ್ಧೆಯನ್ನು ಸ್ಪ್ರಿಂಟ್ ದೂರಕ್ಕೆ ಇಳಿಸಿಕೊಂಡರು: 750 ಮೀಟರ್ ಈಜು, 20 ಕಿ.ಮೀ. ಸೈಕಲ್, 5 ಕಿ.ಮೀ. ಓಟ. ಕಳೆದ ವಾರ ಹಿನ್ನೀರಿನಲ್ಲಿ 600 ಮೀಟರ್ ಈಜಿದರು, ಎರಡು ಸಲ ಅಂಗಾತವಾಗಿ ತೇಲಿ ಉಸಿರು ಎಣಿಸಿದರಂತೆ. ನೀರಿಗಿಳಿಯುವ ಹಿಂದಿನ ರಾತ್ರಿ ಈಗಲೂ ನಿದ್ದೆ ಬರುವುದಿಲ್ಲ. ಮುಂದಿನ ಭೇಟಿಯಲ್ಲಿ ಅದನ್ನು ಎತ್ತಿಕೊಳ್ಳುತ್ತೇವೆ, ಹೆಂಡತಿಯೂ ಬರುತ್ತಾರೆ.