ಉಗಿ ಎಂಜಿನ್ ಮತ್ತೆ ಮುಖ್ಯ ಮಾರ್ಗಕ್ಕೆ: ಓದುಗರ ಪ್ರಶ್ನೆ, ನಮ್ಮ ಉತ್ತರ

ಬ್ರಿಟನ್ನಿನ ಫ್ಲೈಯಿಂಗ್ ಸ್ಕಾಟ್ಸ್‌ಮನ್ ಎಂಬ ಉಗಿ ಎಂಜಿನ್ ಹತ್ತು ವರ್ಷಗಳ ದುರಸ್ತಿಯ ನಂತರ 2016ರಲ್ಲಿ ಮುಖ್ಯ ಮಾರ್ಗಕ್ಕೆ ಮರಳಿದ ಸಂಗತಿಯನ್ನು ಈ ಅಂಕಣದಲ್ಲಿ ಹಿಂದೊಮ್ಮೆ ಪ್ರಸ್ತಾಪಿಸಿದ್ದೆವು. ಆ ಬಗ್ಗೆ ಬಂದ ಪತ್ರಗಳಲ್ಲಿ ಕೆಲವಕ್ಕೆ ಇಲ್ಲಿ ಉತ್ತರಿಸಲಾಗಿದೆ.

ಪ್ರಶ್ನೆ: ಒಂದು ಎಂಜಿನ್ ದುರಸ್ತಿಗೆ ಹತ್ತು ವರ್ಷ ಮತ್ತು 42 ಲಕ್ಷ ಪೌಂಡ್ ಬೇಕಾಯಿತೆಂದರೆ ನಂಬುವುದು ಕಷ್ಟ. ಅಷ್ಟು ಹಣದಲ್ಲಿ ಹೊಸದನ್ನೇ ಕಟ್ಟಬಹುದಿತ್ತಲ್ಲವೇ? (ತುಮಕೂರಿನ ಓದುಗರು)

ಉತ್ತರ: ಕಟ್ಟಬಹುದಿತ್ತು, ಕಟ್ಟಿಯೂ ಇದ್ದಾರೆ. 1990ರಲ್ಲಿ ಆರಂಭವಾದ ಯೋಜನೆಯೊಂದು ಜನರಿಂದ ಹಣ ಕೂಡಿಸುತ್ತ ಹೋಗಿ, ಟೊರ್ನಾಡೊ ಎಂಬ ಹೊಸ ಉಗಿ ಎಂಜಿನ್ನನ್ನು ಡಾರ್ಲಿಂಗ್ಟನ್ ಊರಿನಲ್ಲಿ 2008ರ ಹೊತ್ತಿಗೆ ಕಟ್ಟಿ ಮುಗಿಸಿತು. ಅದಕ್ಕೆ ತಗಲಿದ ವೆಚ್ಚ ಸುಮಾರು 30 ಲಕ್ಷ ಪೌಂಡ್. ಆದ್ದರಿಂದ ನಿಮ್ಮ ಲೆಕ್ಕ ತಪ್ಪಲ್ಲ.

ಹಳೆಯದು ದುಬಾರಿಯಾದದ್ದಕ್ಕೆ ಅದು ಬಾಳಿದ ಬಾಳೇ ಕಾರಣ. ನೈಜೆಲ್ ಗ್ರೆಸ್ಲಿ ವಿನ್ಯಾಸಗೊಳಿಸಿದ ಈ ಎಂಜಿನ್ 1923ರಲ್ಲಿ ಡಾಂಕಾಸ್ಟರ್ ಕಾರ್ಖಾನೆಯಿಂದ ಹೊರಬಂತು. 1934ರ ನವೆಂಬರ್ 30ರಂದು ಗಂಟೆಗೆ ನೂರು ಮೈಲಿ ವೇಗ ಮುಟ್ಟಿ ಹೆಸರಾಯಿತು. 1963ರ ಜನವರಿಯಲ್ಲಿ ರೈಲ್ವೆ ಸೇವೆಯಿಂದ ನಿವೃತ್ತಿಗೊಂಡು 3,000 ಪೌಂಡ್‌ಗೆ ಖಾಸಗಿಯವರ ಪಾಲಾಯಿತು. ಅಲ್ಲಿಂದ ಅದು ಅಮೆರಿಕಕ್ಕೆ ಹೋಗಿ ಮಾಲೀಕರನ್ನು ದಿವಾಳಿ ಎಬ್ಬಿಸಿತು, ಆಸ್ಟ್ರೇಲಿಯಾಕ್ಕೂ ಹೋಗಿ ಬಂತು, ಕೈಯಿಂದ ಕೈಗೆ ದಾಟಿತು. ಓಡಿಸಿದರೆ ಮಾತ್ರ ಹಣ ಬರುವ ಎಂಜಿನ್ನನ್ನು ಯಾರೂ ವರ್ಷಗಟ್ಟಲೆ ಬಿಚ್ಚಿಡಲಾರರು. ಸದ್ಯಕ್ಕೆ ಓಡುವಷ್ಟು ತೇಪೆ ಹಾಕಿ ಮತ್ತೆ ಹಳಿಗೆ ಇಳಿಸುತ್ತಾರೆ. ಯಾರ್ಕ್ ನಗರದ ರಾಷ್ಟ್ರೀಯ ರೈಲ್ವೆ ವಸ್ತುಸಂಗ್ರಹಾಲಯವು 2004ರಲ್ಲಿ 23.1 ಲಕ್ಷ ಪೌಂಡ್ ಕೊಟ್ಟು ಕೊಂಡಾಗ ಇಂಥ ತೇಪೆಗಳ ಸಮೇತವೇ ಕೊಂಡಿತೆನ್ನಬೇಕು.

2006ರಲ್ಲಿ ಕೆಲಸ ಆರಂಭಿಸಿದಾಗ ಸುಮಾರು ಒಂದು ವರ್ಷದಲ್ಲಿ ಮುಗಿದೀತೆಂಬ ಅಂದಾಜಿತ್ತು. 2011ರಲ್ಲಿ ಎಂಜಿನ್ನಿಗೆ ಯುದ್ಧಕಾಲದ ಕಪ್ಪು ಬಣ್ಣ ಬಳಿದು ಸಾರ್ವಜನಿಕರ ಮುಂದೆ ನಿಲ್ಲಿಸಿಯೂ ಆಯಿತು. ಆಮೇಲೆ ಚೌಕಟ್ಟಿನಲ್ಲಿ ಇನ್ನಷ್ಟು ಬಿರುಕುಗಳು ಕಂಡುಬಂದು ಮತ್ತೆ ಬಿಚ್ಚಬೇಕಾಯಿತು. ಚೌಕಟ್ಟು ಎಂದರೆ ಬಾಯ್ಲರ್, ಸಿಲಿಂಡರ್, ಗಾಲಿಗಳನ್ನೆಲ್ಲ ಹಿಡಿದಿಡುವ ಉದ್ದನೆಯ ಎರಡು ಉಕ್ಕಿನ ಹಲಗೆಗಳು. ಬಿರುಕನ್ನು ಪತ್ತೆಹಚ್ಚಲು ಕಾರ್ಖಾನೆಗಳಲ್ಲಿ ಬಳಸುವ ಒಂದು ಸರಳ ಉಪಾಯವಿದೆ: ಲೋಹವನ್ನು ಶುಚಿಗೊಳಿಸಿ ಕೆಂಪು ಬಣ್ಣದ ತೆಳುವಾದ ದ್ರವವನ್ನು ಸವರುತ್ತಾರೆ, ಸ್ವಲ್ಪ ಹೊತ್ತು ಬಿಟ್ಟು ಚೆನ್ನಾಗಿ ಒರೆಸುತ್ತಾರೆ, ಅದರ ಮೇಲೆ ಬಿಳಿಯ ಪುಡಿಯನ್ನು ಸಿಂಪಡಿಸುತ್ತಾರೆ, ಒಳಗೆ ಇಳಿದಿದ್ದ ಕೆಂಪು ಮೆಲ್ಲನೆ ಜಿನುಗಿ, ಬಿಳುಪಿನ ಮೇಲೆ ಕೂದಲೆಳೆಯಂಥ ಗೆರೆಯೊಂದು ಮೂಡುತ್ತದೆ. ಆ ಒಂದು ಗೆರೆ ಕಂಡರೆ ಸಾಕು, ಕೆಲಸದ ವೇಳಾಪಟ್ಟಿಯನ್ನು ಹರಿದು ಹೊಸದಾಗಿ ಬರೆಯಬೇಕು. ಇದರ ಮೇಲೆ ಗ್ರೆಸ್ಲಿಯವರ ಎಂಜಿನ್ನಿಗೆ ಮೂರು ಸಿಲಿಂಡರ್‌ಗಳು. ನಡುವಿನ ಸಿಲಿಂಡರ್‌ನ ಕವಾಟವನ್ನು ಹೊರಗಿನ ಎರಡರ ಚಲನೆಯನ್ನು ಕೂಡಿಸಿಕೊಳ್ಳುವ ಸನ್ನೆಗೋಲುಗಳು ನಡೆಸುತ್ತವೆ. ಚೌಕಟ್ಟು ಸ್ವಲ್ಪ ಓರೆಯಾದರೂ, ಕೀಲುಗಳು ಸ್ವಲ್ಪ ಸವೆದರೂ ಆ ತಪ್ಪೆಲ್ಲ ಒಟ್ಟಾಗಿ ನಡುವಿನ ಕವಾಟದ ಮೇಲೆ ಬೀಳುತ್ತದೆ. ಪೂರ್ತಿ ಬಿಚ್ಚಿ ನೋಡುವ ಮೊದಲೇ ದಿನಾಂಕವನ್ನೂ ಮೊತ್ತವನ್ನೂ ಹೇಳಿಬಿಟ್ಟದ್ದು ಮೂಲ ತಪ್ಪೆಂದು ನಮ್ಮ ಅಭಿಪ್ರಾಯ.

ಪ್ರಶ್ನೆ: ನಾನು ಹುಬ್ಬಳ್ಳಿಯ ರೈಲ್ವೆ ಕಾರ್ಖಾನೆಯಲ್ಲಿ ಕೆಲಸ ಮಾಡಿ ನಿವೃತ್ತನಾದವನು. ನೀರು ತುಂಬಿ ಒತ್ತಡದ ಪರೀಕ್ಷೆಯಲ್ಲಿ ತೇರ್ಗಡೆಯಾದ ಬಾಯ್ಲರನ್ನು ಹತ್ತು ವರ್ಷಕ್ಕೊಮ್ಮೆ ಮತ್ತೆ ಕಳಚುವುದು ಅತಿಯಾಯಿತೆನಿಸುವುದಿಲ್ಲವೇ?

ಉತ್ತರ: ತಾವು ಬಲ್ಲ ವಿಷಯವನ್ನೇ ತಮಗೆ ಹೇಳುವಂತಾಗುತ್ತದೆ, ಇತರ ಓದುಗರ ಸಲುವಾಗಿ ಸ್ವಲ್ಪ ವಿವರಿಸುತ್ತೇವೆ. ತಣ್ಣೀರು ತುಂಬಿ ಒತ್ತಡ ಏರಿಸುವ ಪರೀಕ್ಷೆಯು ಬಾಯ್ಲರ್ ಆ ದಿನ ಸೋರುವುದಿಲ್ಲ ಎಂದಷ್ಟೇ ಹೇಳುತ್ತದೆ. ಫ್ಲೈಯಿಂಗ್ ಸ್ಕಾಟ್ಸ್‌ಮನ್ ಎಂಜಿನ್ನಿಗೆ ಈಗ ಕೂರಿಸಿರುವ ಬಾಯ್ಲರ್ ಚದರ ಅಂಗುಲಕ್ಕೆ 220 ಪೌಂಡ್ ಒತ್ತಡದಲ್ಲಿ ದುಡಿಯುತ್ತದೆ, ಎಂದರೆ ಒಳಗಿನ ನೀರು ಸುಮಾರು 200 ಡಿಗ್ರಿ ಸೆಲ್ಸಿಯಸ್‌ನಲ್ಲಿರುತ್ತದೆ. ಬೆಂಕಿ ಉರಿಯುವ ಒಳಪೆಟ್ಟಿಗೆ ತಾಮ್ರದ್ದು, ಹೊರಕವಚ ಉಕ್ಕಿನದು. ಕಾದಾಗ ಎರಡೂ ಬೇರೆಬೇರೆ ಪ್ರಮಾಣದಲ್ಲಿ ಹಿಗ್ಗುವುದರಿಂದ, ಅವೆರಡನ್ನೂ ಬಿಗಿದಿಟ್ಟಿರುವ ನೂರಾರು ಸ್ಟೇ ಮೊಳೆಗಳು ಪ್ರತಿ ಸಲ ಬೆಂಕಿ ಹಚ್ಚಿದಾಗಲೂ ಆರಿಸಿದಾಗಲೂ ಕೂದಲಿನಷ್ಟು ಬಾಗಿ ಏಳುತ್ತವೆ. ಸುತ್ತಿಗೆಯಿಂದ ತಟ್ಟಿದಾಗ ಗಟ್ಟಿಮುಟ್ಟಾದ ಮೊಳೆ ಠಣ್ಣೆನ್ನುವುದೂ ತುಂಡಾದದ್ದು ಬೊದ್ದೆನ್ನುವುದೂ ತಮಗೆ ಗೊತ್ತೇ ಇದೆ. ಆದರೆ ಅರ್ಧ ಸವೆದ ಮೊಳೆಯೂ, ನೀರಿನಿಂದ ಪದರಗಟ್ಟಿದ ಸುಣ್ಣದ ಹಿಂದೆ ತೆಳುವಾದ ತಗಡೂ ಸುತ್ತಿಗೆಗೆ ಸುಲಭವಾಗಿ ಬಾಯಿ ಬಿಡುವುದಿಲ್ಲ. ಅದಕ್ಕಾಗಿ ಬೆಂಕಿನಳಿಕೆಗಳನ್ನು (ಬೆಂಕಿಯ ಬಿಸಿ ಹೊಗೆ ಹಾಯುವ ಕೊಳವೆಗಳನ್ನು) ಹೊರಗೆಳೆದು ಒಳಗೆ ಇಣುಕಬೇಕು.

ಅಮೆರಿಕದಲ್ಲಿ ನಿಯಮ ಬಿಗಿಯಾದದ್ದಕ್ಕೆ ಒಂದು ಘಟನೆಯ ಹಿನ್ನೆಲೆಯಿದೆ. 1995ರ ಜೂನ್ 16ರಂದು ಪೆನ್ಸಿಲ್ವೇನಿಯಾದ ಗಾರ್ಡ್‌ನರ್ಸ್ ಬಳಿ ಪ್ರವಾಸಿ ರೈಲನ್ನು ಎಳೆಯುತ್ತಿದ್ದ 1278ನೇ ಸಂಖ್ಯೆಯ ಎಂಜಿನ್ನಿನಲ್ಲಿ ನೀರಿನ ಮಟ್ಟ ಇಳಿದು, ಬೆಂಕಿ ಉರಿಯುವ ಒಳಪೆಟ್ಟಿಗೆಯ ಚಾವಣಿ ನೀರಿಲ್ಲದೆ ಬರಿದಾಗಿ, ಕಾದು ಮೆತ್ತಗಾಗಿ ಕುಸಿಯಿತು. ಚಾಲಕರ ಕ್ಯಾಬ್‌ನಲ್ಲಿದ್ದ ಮೂವರು ಸುಟ್ಟಗಾಯಗಳಿಗೆ ತುತ್ತಾದರು. ನೀರಿನ ಮಟ್ಟ ತೋರಿಸುವ ಗಾಜಿನ ನಳಿಕೆಯ ಕಡೆಗೆ ಸರಿಯಾದ ನಿಗಾ ಇರಲಿಲ್ಲವೆಂಬುದು ತನಿಖೆಯಲ್ಲಿ ತಿಳಿಯಿತು. 2000ದಲ್ಲಿ ಜಾರಿಗೆ ಬಂದ ಅಲ್ಲಿನ ನಿಯಮದ ಪ್ರಕಾರ 1,472 ಸೇವಾದಿನಗಳಿಗೆ ಅಥವಾ 15 ವರ್ಷಕ್ಕೆ, ಯಾವುದು ಮೊದಲೋ ಅದಕ್ಕೆ, ಬಾಯ್ಲರ್ ಬಿಚ್ಚಿ ಪರೀಕ್ಷಿಸಬೇಕು. ಯೂನಿಯನ್ ಪೆಸಿಫಿಕ್ ರೈಲ್ವೆ ಕಂಪನಿಯ ಬಿಗ್ ಬಾಯ್ 4014 ಎಂಬ ಉಗಿ ಎಂಜಿನ್ ವಸ್ತುಸಂಗ್ರಹಾಲಯದಲ್ಲಿ ಐದು ದಶಕ ನಿಂತಿದ್ದು 2019ರಲ್ಲಿ ಮುಖ್ಯ ಮಾರ್ಗಕ್ಕೆ ಇಳಿದದ್ದೂ ಇದೇ ನಿಯಮದಡಿ. (ಫ್ಲೈಯಿಂಗ್ ಸ್ಕಾಟ್ಸ್‌ಮನ್ ಹುಟ್ಟಿದಾಗ ಅದರ ಸಂಖ್ಯೆ 1472 ಆಗಿತ್ತು. ಕೇವಲ ಕಾಕತಾಳೀಯ, ಆದರೆ ಹೇಳದಿರಲು ಮನಸ್ಸಾಗಲಿಲ್ಲ.)

ಪ್ರಶ್ನೆ: ಇಷ್ಟೆಲ್ಲ ಭಾಗ ಬದಲಾಯಿಸಿದ ಮೇಲೆ ಅದು ಹಳೆಯ ಎಂಜಿನ್ ಹೇಗಾಯಿತು? (ಧಾರವಾಡದ ವಿದ್ಯಾರ್ಥಿನಿ)

ಉತ್ತರ: ದುಡಿಯುತ್ತಿದ್ದ ಕಾಲದಲ್ಲೂ ಅದು ಒಂದೇ ಬಾಯ್ಲರಿನೊಂದಿಗೆ ಬಾಳಲಿಲ್ಲ. ಬಾಯ್ಲರ್ ದುರಸ್ತಿಗೆ ಹೆಚ್ಚು ದಿನ ಹಿಡಿಯುವುದರಿಂದ, ಕಾರ್ಖಾನೆಗೆ ಬಂದ ಎಂಜಿನ್ನಿಗೆ ಅಲ್ಲಿ ಸಿದ್ಧವಿದ್ದ ಮತ್ತೊಂದನ್ನು ಕೂರಿಸಿ ಕಳುಹಿಸುವುದು ಅಂದಿನ ಪದ್ಧತಿ. ಆದರೂ ನಿಮ್ಮ ಪ್ರಶ್ನೆಯಲ್ಲಿ ಹುರುಳಿದೆ. ಓಡಿಸಬೇಕೆಂದರೆ ಹಳೆಯ ಲೋಹವನ್ನು ಕಳೆದುಕೊಳ್ಳಲು ಒಪ್ಪಬೇಕು. ಅದೇ ವಸ್ತುಸಂಗ್ರಹಾಲಯವು 1938ರಲ್ಲಿ ಗಂಟೆಗೆ 126 ಮೈಲಿ ಓಡಿ ದಾಖಲೆ ಮಾಡಿದ ಮ್ಯಾಲರ್ಡ್ ಎಂಜಿನ್ನನ್ನು ಓಡಿಸದೆ ನಿಲ್ಲಿಸಿಯೇ ಇಟ್ಟಿದೆ. ಒಂದನ್ನು ಓಡಿಸಿ ಇನ್ನೊಂದನ್ನು ಉಳಿಸಿದ್ದು ಜಾಣತನ.

ಪ್ರಶ್ನೆ: 1923ರ ಎಂಜಿನ್ ಇಂದಿನ ವೇಗದ ರೈಲುಗಳ ನಡುವೆ ಓಡುವುದು ಸುರಕ್ಷಿತವೇ? ಅದಕ್ಕೆ ಆಧುನಿಕ ಸಿಗ್ನಲ್ ಉಪಕರಣಗಳನ್ನು ಹೇಗೆ ಜೋಡಿಸುತ್ತಾರೆ? (ಬೆಂಗಳೂರಿನ ಎಂಜಿನಿಯರ್)

ಉತ್ತರ: ಪಾರಂಪರಿಕ ರೈಲುಮಾರ್ಗಕ್ಕೂ ಮುಖ್ಯ ಮಾರ್ಗಕ್ಕೂ ಇರುವ ದೊಡ್ಡ ಅಂತರ ಇದೇ. ಬ್ರಿಟನ್ನಿನ ಮುಖ್ಯ ಮಾರ್ಗಕ್ಕೆ ಇಳಿಯುವ ಉಗಿ ಎಂಜಿನ್ನಿನ ಕ್ಯಾಬ್‌ನಲ್ಲಿ ಸಿಗ್ನಲ್ ಎಚ್ಚರಿಕೆಯ ಸಾಧನ, ಕೆಂಪು ದಾಟಿದರೆ ತಾನಾಗಿ ಬ್ರೇಕ್ ಹಾಕುವ ವ್ಯವಸ್ಥೆ, ರೇಡಿಯೋ, ಓಟದ ವಿವರ ದಾಖಲಿಸುವ ಪೆಟ್ಟಿಗೆ ಇವೆಲ್ಲ ಇರಬೇಕು. ಇವುಗಳಿಗೆ ವಿದ್ಯುತ್ತು ಬ್ಯಾಟರಿಗಳಿಂದಲೂ ಉಗಿಯಿಂದ ತಿರುಗುವ ಪುಟ್ಟ ಜನರೇಟರಿನಿಂದಲೂ ಬರಬೇಕು. ಕಲ್ಲಿದ್ದಲ ಪುಡಿ, ಎಣ್ಣೆ, ಹಬೆ, ಅದುರಾಟ ಎಲ್ಲವೂ ಒಟ್ಟಿಗಿರುವ ಜಾಗದಲ್ಲಿ ಇಂಥ ಪೆಟ್ಟಿಗೆಗಳನ್ನು ಕಾಪಾಡುವುದೇ ಒಂದು ವಿದ್ಯೆ.

ಉಪಕರಣ ಇದ್ದ ಮಾತ್ರಕ್ಕೆ ಆಗಲಿಲ್ಲ. 2015ರ ಮಾರ್ಚ್ 7ರಂದು ವುಟನ್ ಬ್ಯಾಸೆಟ್ ಎಂಬಲ್ಲಿ, 1947ರಲ್ಲಿ ಕಟ್ಟಿದ ಟ್ಯಾಂಗ್‌ಮಿಯರ್ ಎಂಜಿನ್ ಎಳೆಯುತ್ತಿದ್ದ ವಿಶೇಷ ರೈಲು ಕೆಂಪು ಸಿಗ್ನಲ್ ದಾಟಿ ಜಂಕ್ಷನ್ನಿನ ಮೇಲೆಯೇ ನಿಂತಿತು. ವೇಗದ ರೈಲೊಂದು ಸ್ವಲ್ಪ ಹೊತ್ತಿಗೆ ಮೊದಲಷ್ಟೇ ಆ ಜಾಗವನ್ನು ದಾಟಿ ಹೋಗಿತ್ತು. ಎಚ್ಚರಿಕೆಗೆ ಸಕಾಲದಲ್ಲಿ ಸ್ಪಂದಿಸದ ಕಾರಣ ತಾನಾಗಿ ಬಿದ್ದ ಬ್ರೇಕನ್ನು ತಪ್ಪಿಸಲು ಸಿಬ್ಬಂದಿ ಆ ಎಚ್ಚರಿಕೆಯ ಸಾಧನವನ್ನೇ ಬಂದ್ ಮಾಡುವ ಒಂದು ಚಿಕ್ಕ ಕವಾಟದ ಹಿಡಿಕೆಯನ್ನು ತಿರುಗಿಸಿದ್ದರು. ಅದರೊಂದಿಗೆ ಮುಂದಿನ ಸಿಗ್ನಲ್‌ಗಳ ರಕ್ಷಣೆಯೂ ಹೋಯಿತು. ಬಾಯ್ಲರ್, ಗಾಲಿ, ಚೌಕಟ್ಟುಗಳ ಮೇಲೆ ಸುರಿದ ಶ್ರಮವೆಲ್ಲ ಅಂಗೈಯಗಲದ ಆ ಹಿಡಿಕೆಯ ಮುಂದೆ ಏನೂ ಅಲ್ಲದಂತಾಯಿತು.

ಈಗ ಎದುರಾಗಿರುವುದು ಇಟಿಸಿಎಸ್, ಎಂದರೆ ಯುರೋಪಿನ ರೈಲು ನಿಯಂತ್ರಣ ವ್ಯವಸ್ಥೆ. ಹಳಿಪಕ್ಕದ ಕಂಬಗಳ ಬದಲು ಚಾಲಕನ ಮುಂದಿನ ಪರದೆಗೇ ಸೂಚನೆ ಕೊಡುವ ಈ ಪದ್ಧತಿ ನಮ್ಮ ರೈಲ್ವೆಯ ಅಪಘಾತ ತಡೆಯುವ ಕವಚ್ ವ್ಯವಸ್ಥೆಯ ನೆಂಟನೆನ್ನಬಹುದು. ಅದು ಜಾರಿಯಾದ ಮಾರ್ಗದಲ್ಲಿ ಪರದೆಯಿಲ್ಲದ ಎಂಜಿನ್ನಿಗೆ ಪ್ರವೇಶವಿಲ್ಲ. ಆದ್ದರಿಂದ ಪ್ರಯೋಗಕ್ಕೆಂದು ಮೊದಲು ಟೊರ್ನಾಡೊ ಎಂಜಿನ್ನನ್ನೇ ಆರಿಸಿಕೊಳ್ಳಲಾಯಿತು.

ಪ್ರಶ್ನೆ: ಚಿತ್ರಗಳಲ್ಲಿ ರೈಲಿನ ಹಿಂಬದಿಗೆ ಡೀಸೆಲ್ ಎಂಜಿನ್ ಕಾಣುತ್ತದೆ. ಹಾಗಾದರೆ ಎಳೆಯುವುದು ಯಾವುದು? (ಶಿವಮೊಗ್ಗ)

ಉತ್ತರ: ಸಾಮಾನ್ಯವಾಗಿ ಉಗಿ ಎಂಜಿನ್ನೇ. ಬೋಗಿಗಳಿಗೆ ವಿದ್ಯುತ್ತು ಕೊಡಲು, ಎಂಜಿನ್ ತಿರುಗಿಸುವ ಟರ್ನ್‌ಟೇಬಲ್ ಇಲ್ಲದ ಕಡೆ ರೈಲನ್ನು ಹಿಂದಕ್ಕೆ ಒಯ್ಯಲು, ನಡುದಾರಿಯಲ್ಲಿ ಕೆಟ್ಟು ನಿಂತರೆ ಮಾರ್ಗವನ್ನು ತೆರವು ಮಾಡಲು ಡೀಸೆಲ್ ಬೇಕು. ಬೇಸಿಗೆಯಲ್ಲಿ ಕಿಡಿ ಹಾರಿ ಹುಲ್ಲಿಗೆ ಬೆಂಕಿ ಹತ್ತುವ ಭಯವಿದ್ದಾಗ ಮಾತ್ರ ಹೆಚ್ಚು ಭಾರ ಡೀಸೆಲ್‌ನ ಮೇಲೆ ಬೀಳುವುದುಂಟು.

ಪ್ರಶ್ನೆ: ಮೈಸೂರಿನ ರೈಲ್ವೆ ವಸ್ತುಸಂಗ್ರಹಾಲಯದ ಎಂಜಿನ್ನೊಂದನ್ನು ಸರಿಪಡಿಸಿ ಶ್ರೀರಂಗಪಟ್ಟಣದವರೆಗಾದರೂ ಓಡಿಸಬಾರದೇ? (ಮೈಸೂರಿನ ಓದುಗರು)

ಉತ್ತರ: ನಿಮ್ಮ ಆಸೆ ನಮ್ಮದೂ ಹೌದು. ಆದರೆ 1979ರಲ್ಲಿ ಆರಂಭವಾದ ಆ ಸಂಗ್ರಹದಲ್ಲಿರುವ ಉಗಿ ಎಂಜಿನ್ನುಗಳು ಮೀಟರ್‌ಗೇಜ್ ಮತ್ತು ನ್ಯಾರೋಗೇಜ್ ಕಾಲದವು. ಬೆಂಗಳೂರು–ಮೈಸೂರು ಮಾರ್ಗ 1990ರ ದಶಕದಲ್ಲಿ ಬ್ರಾಡ್‌ಗೇಜ್ ಆಯಿತು. ಎಂಜಿನ್ನಿಗೆ ಜೀವ ತುಂಬಿದರೂ ಅದರ ಅಳತೆಯ ಹಳಿ ಆವರಣದ ಗೇಟಿನಾಚೆ ಇಲ್ಲ. ಬ್ರಾಡ್‌ಗೇಜ್ ಎಂಜಿನ್ನಾದರೆ ಮಾತು ಬೇರೆ: 1855ರಲ್ಲಿ ಇಂಗ್ಲೆಂಡಿನ ಲೀಡ್ಸ್‌ನಲ್ಲಿ ಕಟ್ಟಿದ ಫೇರಿ ಕ್ವೀನ್ 1997ರಲ್ಲಿ ದೆಹಲಿ ಕಂಟೋನ್ಮೆಂಟಿನಿಂದ ಅಲ್ವರ್‌ಗೆ ಓಡಲಾರಂಭಿಸಿತು, ಕೆಟ್ಟು ನಿಂತ ಮೇಲೆ ಚೆನ್ನೈನ ಪೆರಂಬೂರಿನಲ್ಲಿ ದುರಸ್ತಿಯಾಗಿ 2017ರಲ್ಲಿ ಮತ್ತೆ ಹಳಿಗೆ ಬಂತು.

ಮೀಟರ್‌ಗೇಜ್ ಉಗಿ ಎಂಜಿನ್ ದುಡಿಯುವುದನ್ನೇ ನೋಡಬೇಕೆಂದರೆ ಮೈಸೂರಿನಿಂದ ಬಹುದೂರ ಹೋಗಬೇಕಾಗಿಲ್ಲ. ನೀಲಗಿರಿಯ ಮೆಟ್ಟುಪಾಳ್ಯಂ–ಕೂನೂರು ಘಟ್ಟದಲ್ಲಿ ಹಲ್ಲುಹಳಿ ಹಿಡಿದು ಹತ್ತುವ ಎಂಜಿನ್ ಇಂದಿಗೂ ಇದೆ. ಒಂದು ವಿಷಯ ಗಮನದಲ್ಲಿರಲಿ: ಏರುವಾಗ ಅದು ರೈಲನ್ನು ಹಿಂದಿನಿಂದ ತಳ್ಳುತ್ತದೆ, ಆದ್ದರಿಂದ ಎಂಜಿನ್ನಿನ ಉಸಿರಾಟ ಹತ್ತಿರದಿಂದ ಕೇಳಬೇಕಿದ್ದರೆ ಮುಂದಿನ ಬೋಗಿಗೆ ನುಗ್ಗದೆ ಕೊನೆಯ ಬೋಗಿಯಲ್ಲಿ ಜಾಗ ಹಿಡಿಯಿರಿ.